ಅಟ್ಟದ ಮೇಲಿದ್ದ ಹ್ಯಾಟು

ಕೆಂಕೆರೆ
೧೪-೩-೧೯೭೯, ಬುಧವಾರ

ಪೂಜ್ಯ ಮಾವನವರಿಗೆ,

ನಿಮ್ಮ ಸೊಸೆ ಗಿರಿಜಾಂಬಿಕಾ ಮಾಡುವ ಶರಣು. ನಾವೆಲ್ಲ ಇಲ್ಲಿ ಆರೋಗ್ಯ. ನಿಮ್ಮ ಆರೋಗ್ಯ ಹೇಗಿದೆ? ವಾಡಿಕೆಗೆ ಕೇಳುತ್ತಿರುವ ಮಾತಲ್ಲ ಇದು, ನಿಜವಾಗಿ ತಿಳಿಯಬೇಕಾಗಿದೆ. ಹೊಟ್ಟೆ ತುಂಬ ಉಣ್ಣುತ್ತಿದ್ದೀರಾ? ಮಾಯಸಂದ್ರದಲ್ಲಿ ದ್ರಾಕ್ಷಾಯಣಮ್ಮ ಅತ್ತಿಗೆ ಮುದ್ದೆ ಮೆತ್ತಗೆ ಮಾಡುತ್ತಾರೋ ಇಲ್ಲವೋ? ಇಲ್ಲಿ ಕೆಂದೆಮ್ಮೆ ಕರು ಹಾಕಿದೆ, ಹೆಣ್ಣು. ನೀವಿಲ್ಲದೆ ಹೆರಿಗೆ ಮಾಡಿಸುವುದು ಹೇಗಪ್ಪಾ ಎಂದು ನಿಮ್ಮ ಮಗ ಹೆದರಿದ್ದರು, ಶಿವನ ದಯೆಯಿಂದ ತಾನಾಗಿಯೇ ಹಾಕಿತು. ತೆಂಗಿನ ತೋಟಕ್ಕೆ ನೀರು ಸಾಕಾಗಿದೆ. ನೀವು ಹೋಗಿ ಆರು ವಾರವಾಯಿತು. ಇಷ್ಟು ದಿನ ಕಾಗದ ಬರೆಯಲಿಲ್ಲವೆಂದು ಬೇಸರ ಮಾಡಿಕೊಂಡಿರುತ್ತೀರಿ. ಬರೆಯಲು ಕೂತರೆ ಕೈ ಬರುತ್ತಿರಲಿಲ್ಲ, ಯಾಕೆ ಎಂಬುದನ್ನು ಇವತ್ತು ಹೇಳಿಬಿಡುತ್ತೇನೆ.

ನಿಮ್ಮ ಹ್ಯಾಟನ್ನು ನಿಮ್ಮ ಮಗ ಗುಜರಿಯವನಿಗೆ ಕೊಡಲಿಲ್ಲ. ಮುಟ್ಟಲೂ ಇಲ್ಲ. ಅದನ್ನು ಅಟ್ಟಕ್ಕೆ ಎಸೆದವಳು ನಾನು.

ಜನವರಿ ಕೊನೆಯಲ್ಲಿ ತಿಪಟೂರಿನಿಂದ ನನ್ನ ಚಿಕ್ಕಪ್ಪನ ಮನೆಯವರು ಬಂದಿದ್ದರಲ್ಲ, ಆವತ್ತಿನ ಬೆಳಿಗ್ಗೆ. ಹಿಂದಿನ ಸಲ ಬಂದಾಗ ಚಿಕ್ಕಮ್ಮ ನಡುಮನೆಯಲ್ಲಿ ನಿಮ್ಮ ಹ್ಯಾಟು ನೇತುಹಾಕುವ ಮೊಳೆಯ ಕೆಳಗೆ ಕೂತವರು ಮೂಗಿಗೆ ಸೆರಗು ಹಿಡಿದು, 'ಇದೇನೇ ಗಿರಿಜಾ, ಎಮ್ಮೆ ವಾಸನೆ ಮನೆ ಒಳಗೇ ಬತ್ತದಲ್ಲ' ಅಂದಿದ್ದರು. ಆ ಮಾತು ವರ್ಷವಿಡೀ ನನ್ನ ಕಿವಿಯಲ್ಲಿತ್ತು. ಇಪ್ಪತ್ತೆಂಟು ವರ್ಷ ಸೈಕಲ್ ಮೇಲೆ ಊರೂರು ತಿರುಗಿ ದನಗಳಿಗೆ ಸೂಜಿ ಹಾಕುವಾಗ ನಿಮ್ಮ ತಲೆಯ ಮೇಲಿದ್ದ ಹ್ಯಾಟು ಅದು, ಸುತ್ತಿನ ಹಳ್ಳಿಯವರೆಲ್ಲ ನಿಮ್ಮನ್ನು ಹ್ಯಾಟಿನ ಡಾಕ್ಟ್ರು ಎಂದೇ ಕರೆಯುತ್ತಾರೆ, ಎಲ್ಲ ನನಗೆ ಗೊತ್ತಿತ್ತು. ಆದರೂ ಕೋಲಿನಿಂದ ಎತ್ತಿ ಅಟ್ಟದ ಮೇಲೆ ಒಣಹಾಕಿದ್ದ ತೆಂಗಿನಕಾಯಿಗಳ ಹಿಂದಕ್ಕೆ ಎಸೆದೆ. ನೆಂಟರು ಹೋದ ಮೇಲೆ ಇಳಿಸಿದರಾಯಿತು ಅಂದುಕೊಂಡೆ. ಅವರು ಹೋದರು. ನಾನು ಇಳಿಸಲಿಲ್ಲ. ಮೊಳೆ ಖಾಲಿಯಿದ್ದದ್ದು ನನಗೆ ಚೆನ್ನಾಗಿ ಕಂಡಿತು, ಇದನ್ನು ಮುಚ್ಚಿಟ್ಟು ಏನು ಮಾಡಲಿ.

ನೀವು ನಾಲ್ಕು ದಿನ ಹುಡುಕಿದಿರಿ. ಕೊಟ್ಟಿಗೆ, ಹುಲ್ಲಿನ ಬಣವೆ, ಪಂಪ್‌ಸೆಟ್ ಮನೆ, ಒಂದನ್ನೂ ಬಿಡಲಿಲ್ಲ. ಕೊನೆಗೆ ಅಡುಗೆಮನೆ ಬಾಗಿಲಿಗೆ ಬಂದು, 'ನನ್ ಹ್ಯಾಟು ಎಲ್ಲಾನಾ ನೋಡ್ದೇನವ್ವಾ?' ಅಂತ ಮೆಲ್ಲಗೆ ಕೇಳಿದಿರಿ. ಆಗಲಾದರೂ ಹೇಳಬಹುದಿತ್ತು. ನಾನು ಒಲೆ ಕಡೆ ಮುಖ ಮಾಡಿಕೊಂಡು, 'ನಿಮ್ ಮಗ ಮೊನ್ನೆ ಹಳೇ ಸಾಮಾನೆಲ್ಲ ಗುಜರಿಗೆ ಹಾಕುದ್ರು, ಅದ್ರಾಗೆ ಹೋಯ್ತೇನೋ' ಅಂದೆ. ನೀವು ಅದನ್ನು ನಂಬಿದಿರಿ. ಮಗನನ್ನೂ ಕೇಳಲಿಲ್ಲ. ಮಾರನೆಯ ದಿನ ತಲೆಗೆ ಟವೆಲ್ ಸುತ್ತಿಕೊಂಡು, ಮಾಯಸಂದ್ರದ ಮಗಳ ಮನೆಗೆ ಹೋಗಿಬರುತ್ತೇನೆಂದು ನನಗೆ ಹೇಳಿ, ತೋಟದಲ್ಲಿದ್ದ ಮಗನಿಗೆ ಹೇಳದೆ ಬಸ್ಸು ಹತ್ತಿದಿರಿ. ಅವರು ಬಂದು, 'ಅಪ್ಪ ಯಾಕೆ ಒಂದ್ ಮಾತೂ ಹೇಳ್ದೆ ಹೋದ್ರು?' ಎಂದು ಎರಡು ಮೂರು ಸಲ ಕೇಳಿದರು. ಅವರ ಹತ್ತಿರವೂ ಸುಳ್ಳೇ, ನನಗೆ ಗೊತ್ತಿಲ್ಲ ಅಂದೆ. ಮೊದಲೇ ನಿಮ್ಮಿಬ್ಬರ ನಡುವೆ ಮಾತು ಕಡಿಮೆ. ಇದ್ದ ಎರಡು ಮಾತನ್ನೂ ನಾನು ಕಿತ್ತುಕೊಂಡೆ.

ಹೋದ ಶುಕ್ರವಾರ ಕೊಬ್ಬರಿ ಆಗಿದೆಯೋ ಎಂದು ಕಾಯಿ ಅಲುಗಾಡಿಸಿ ನೋಡಲು ಅಟ್ಟ ಹತ್ತಿದವಳು ಹ್ಯಾಟನ್ನು ಕೆಳಗೆ ತಂದೆ. ಒಲೆಯ ಹೊಗೆಗೆ ಮೇಲೆಲ್ಲ ಮಸಿ, ಮಡಿಕೆಯಲ್ಲಿ ಇಲಿ ಹಿಕ್ಕೆ, ಅಂಚಿಗೆ ಕೊಬ್ಬರಿ ಎಣ್ಣೆಯ ಜಿಡ್ಡು. ಗಾಬರಿಯಲ್ಲಿ ಒದ್ದೆ ಬಟ್ಟೆಯಿಂದ ಉಜ್ಜಿದೆ, ಮಸಿ ಇನ್ನಷ್ಟು ಹರಡಿಕೊಂಡಿತು. ಹುಳಿಯಾರಿಗೆ ತೆಗೆದುಕೊಂಡು ಹೋಗಿ ಬಸ್‌ಸ್ಟ್ಯಾಂಡ್ ಹತ್ತಿರದ ಮುದುಕ ಟೈಲರ್‌ಗೆ ತೋರಿಸಿದೆ. ಅವರು, 'ನೀರು ಮುಟ್ಟಿಸ್ಬೇಡ ಬುಡು ತಾಯಿ, ಇದು ಉಣ್ಣೆ, ಮುದುರ್ಕೊಂತದೆ. ಒಣಗಿದ್ ಮೇಲೆ ಕೂದ್ಲು ಮಲಗಿರೋ ಕಡೀಕೇ ಬ್ರಷ್ ಆಡ್ಸು' ಎಂದು ತಮ್ಮ ಬಟ್ಟೆ ಬ್ರಷ್ಷನ್ನೇ ಕೊಟ್ಟರು. ನೆರಳಲ್ಲಿ ಎರಡು ದಿನ ಒಣಗಿಸಿದೆ. ಬೆರಳಿನಿಂದ ಒಳಗಡೆ ತಟ್ಟಿ ತಟ್ಟಿ ಧೂಳು ಉದುರಿಸಿದೆ. ಎಣ್ಣೆ ಜಿಡ್ಡಿನ ಮೇಲೆ ಅಕ್ಕಿಹಿಟ್ಟು ಉದುರಿಸಿ ಒಂದು ಹಗಲು ಬಿಟ್ಟರೆ ಹಿಟ್ಟು ಜಿಡ್ಡನ್ನು ಹೀರಿಕೊಂಡು ಹಳದಿಯಾಗಿತ್ತು. ಮಸಿಯನ್ನು ಬನ್ನಿನ ಒಳಗಿನ ಮೆತ್ತನೆ ಉಂಡೆಯಿಂದ ಒತ್ತಿ ಒತ್ತಿ ತೆಗೆದೆ, ಹನ್ನೊಂದು ಬನ್ನು ಬೇಕಾಯಿತು. ತಗ್ಗು ಬಿದ್ದ ನೆತ್ತಿಯನ್ನು ಕುದಿಯುವ ನೀರಿನ ಹಬೆಗೆ ಹಿಡಿದು ಒಳಗಿನಿಂದ ಕೈಕೊಟ್ಟು ಎತ್ತಿದೆ. ಬಲಗಡೆ ಅಂಚಿನಲ್ಲಿ ನಾನು ನೀರು ಮುಟ್ಟಿಸಿದ ಕಡೆ ಕಪ್ಪು ಕಲೆ ಮಾತ್ರ ಹೋಗಲಿಲ್ಲ. ಅದು ಇನ್ನು ಹೋಗುವುದಿಲ್ಲವಂತೆ.

ನಾನು ಹೇಳಬೇಕಾದದ್ದು ಅದಲ್ಲ ಮಾವ. ಒಳಗಿನ ಚರ್ಮದ ಪಟ್ಟಿಯ ಬೆವರಿನ ಕೊಳೆ ಒರೆಸಲು ಅದನ್ನು ಮಗುಚಿದಾಗ ಕಾಗದ ಸಿಕ್ಕಿತು. ಕ್ಯಾಲೆಂಡರಿನ ದಿನದ ಹಾಳೆಗಳು, ಉದ್ದಕ್ಕೆ ಮಡಿಸಿ ಒಂದರ ಮೇಲೊಂದು ಇಟ್ಟದ್ದು. ಎಲ್ಲಕ್ಕಿಂತ ಅಡಿಯದು ಗೌರಿಹಬ್ಬದ ವಾರದ್ದು, ಅದರ ಮೇಲೆ ದೀಪಾವಳಿಯದು, ಮೇಲಿನ ಮೂರು ಸಂಕ್ರಾಂತಿ ಕಳೆದ ಮೇಲಿನವು. ಮೊದಲಿಗೆ ನನಗೆ ಅರ್ಥವಾಗಲಿಲ್ಲ. ಎದುರುಮನೆ ರಂಗಕ್ಕನಿಗೆ ತೋರಿಸಿದೆ. ಅವಳು ನನ್ನ ಮುಖವನ್ನೇ ನೋಡಿ ಹೇಳಿದಳು: 'ಹ್ಯಾಟು ಸಡ್ಲ ಆಗ್ತಿತ್ತು ಕಣೇ. ಮನುಷ್ಯ ಇಳಿದೋಗವ್ರೆ. ನಿಂಗೆ ಕಾಣ್ನಿಲ್ವಾ? ಜಗಲಿ ಮ್ಯಾಲೆ ಕೂತು ಅರ್ಧ ಮುದ್ದೆ ಎಮ್ಮೆ ಬಾನಿಗೆ ಹಾಕೋರು. ನುಂಗಕ್ಕೆ ಆಗ್ತಿರ್ನಿಲ್ಲ ಅವ್ರಿಗೆ.'

ನನಗೆ ಕಂಡಿರಲಿಲ್ಲ. ತಟ್ಟೆ ಖಾಲಿಯಾಗಿ ಬರುತ್ತಿತ್ತು, ನನಗೆ ಅಷ್ಟು ಸಾಕಾಗಿತ್ತು. ಸಾರು ಇನ್ನೊಂದಿಷ್ಟು ನೀರಾಗಿರಲಿ ಎಂದು ನೀವು ಕೇಳಿದಾಗ, ನನ್ನ ಅಡುಗೆಗೆ ಹೆಸರಿಡುತ್ತೀರೆಂದು ಸಿಡುಕಿದ್ದೆ. ಜೋಳದ ರೊಟ್ಟಿ ಬೇಡವೆಂದಾಗ, ಹಲ್ಲು ಹೋದವರ ಹಟ ಅಂದುಕೊಂಡಿದ್ದೆ. ಊರಿನ ದನಕ್ಕೆಲ್ಲ ಮೈ ನೋಡಿ ರೋಗ ಹೇಳುತ್ತಿದ್ದ ನಿಮಗೆ ನಿಮ್ಮ ರೋಗ ತಿಳಿದಿರಲಿಲ್ಲವೆಂದು ನಾನು ನಂಬುವುದಿಲ್ಲ. ಯಾರಿಗೂ ಹೇಳದೆ ಕಾಗದ ಮಡಿಸಿ ಇಟ್ಟುಕೊಂಡಿರಿ. ಹೇಳುವಂಥ ಸೊಸೆ ನಾನಾಗಿರಲಿಲ್ಲ. ಆ ಹಾಳೆಗಳನ್ನು ಕೈಯಲ್ಲಿ ಹಿಡಿದು ಹಿತ್ತಲಲ್ಲಿ ಕೂತು ಬಹಳ ಅತ್ತೆ. ಅತ್ತರೆ ನಿಮಗೇನು ಉಪಕಾರವಾಯಿತು.

ಕ್ಷಮಿಸಿ ಎಂದು ಬರೆಯಲು ನಾಚಿಕೆಯಾಗುತ್ತದೆ. ನನ್ನ ಮೇಲೆ ಎಷ್ಟು ಸಿಟ್ಟಿದ್ದರೂ ಇಟ್ಟುಕೊಳ್ಳಿ, ಅದು ನನ್ನ ಪಾಲಿನದು. ನಿಮ್ಮ ಮಗನ ಮೇಲಿನದನ್ನು ಮಾತ್ರ ಬಿಟ್ಟುಬಿಡಿ. ಅತ್ತಿಗೆಗೂ ಭಾವನವರಿಗೂ ನನ್ನ ಶರಣು ತಿಳಿಸಿ. ಈ ಕಾಗದವನ್ನು ಅವರಿಗೆ ಓದಿಸಬೇಕೆನಿಸಿದರೆ ಓದಿಸಿ.

ನಿಮ್ಮ ಮನೆಯ ಅನ್ನ ಉಣ್ಣುತ್ತಿರುವ,
ಗಿರಿಜಾಂಬಿಕಾ

ತಾ.ಕ.: ಈ ಕಾಗದ ಅಂಚೆಯಲ್ಲಿ ಬರುವುದಿಲ್ಲ. ಊಟಕ್ಕೆ ಬಂದ ನಿಮ್ಮ ಮಗನ ಕೈಗೆ ಕೊಟ್ಟೆ. ನಿಂತೇ ಓದಿದರು. ನನ್ನನ್ನು ಬೈಯಲಿಲ್ಲ. 'ಅಪ್ಪಂಗೆ ನುಂಗಕ್ಕೆ ಆಗ್ತಿರ್ನಿಲ್ವಾ?' ಎಂದಷ್ಟೇ ಕೇಳಿ, ಉಣ್ಣದೆ ಹೊರಗೆ ಹೋಗಿ, ನಾಳೆ ಕಾಯಿ ಕೀಳಲು ಬರಬೇಡಿ ಎಂದು ಆಳುಗಳಿಗೆ ಹೇಳಿಬಂದರು. ನಾಳೆ ಮೊದಲ ಬಸ್ಸಿಗೆ ಈ ಕಾಗದವನ್ನೂ ಹ್ಯಾಟನ್ನೂ ತೆಗೆದುಕೊಂಡು ಅವರೇ ಹೊರಟಿದ್ದಾರೆ. ನಿಮ್ಮನ್ನು ತಿಪಟೂರಿನಲ್ಲಿ ಗಂಟಲಿನ ಡಾಕ್ಟರಿಗೆ ತೋರಿಸಿಯೇ ಮನೆಗೆ ಕರೆದುತರುವುದು, ಬೇಡ ಅನ್ನಬೇಡಿ. ಈಗ ನನ್ನ ಹತ್ತಿರ ಬಂದು, 'ಹೋಗಿ ಏನಂತ ಮಾತಾಡ್ಸ್‌ಲಿ ಅವ್ರನ್ನ?' ಅಂತ ಕೇಳಿದರು. ಅಲ್ಲಿಗೆ ಬಂದು ಬಾಗಿಲಲ್ಲಿ ಸುಮ್ಮನೆ ನಿಂತುಬಿಡುತ್ತಾರೆ ಮಾವ, ನೀವೇ ಮೊದಲು ಮಾತಾಡಿಸಿ.