ಒಪ್ಪಿಗೆಯ ಪಾಠ

ಹಿಂದವಾಡಿ, ಬೆಳಗಾವಿ
೨೬ ಮಾರ್ಚ್ ೨೦೦೦, ರವಿವಾರ

ಚಿ. ಸಾಕ್ಷಿಗೆ ಅಪ್ಪನ ಆಶೀರ್ವಾದಗಳು.

ನಾವಿಬ್ಬರೂ ಆರಾಮ ಇದ್ದೇವೆ. ಧಾರವಾಡದಿಂದ ನೀನು ಬರೆದ ಎರಡೂ ಪತ್ರ ಮುಟ್ಟಿವೆ. ಉತ್ತರ ತಡವಾದದ್ದಕ್ಕೆ ಪರೀಕ್ಷೆಯ ಕೆಲಸ ಎಂದು ಬರೆದುಬಿಡಬಹುದಿತ್ತು. ಅದಲ್ಲ. ಎರಡು ಸಲ ಬರೆಯಲು ಕುಳಿತು ಎದ್ದೆ. ಕ್ಯಾಂಪ್ ಭಾಗದ ಡಾಕ್ಟರು ಮೆಟ್ಟಿಲು ಹತ್ತಬೇಡಿ ಎಂದಿದ್ದರೂ ನಿಮ್ಮವ್ವ ಶೇಂಗಾ ಒಣಗಿಸಲು ದಿನಾ ಮಾಳಿಗೆ ಹತ್ತುತ್ತಾಳೆ. ಮೊಣಕಾಲು ಸ್ವಲ್ಪ ಗುಣ.

ನೀನು ಕೇಳಿದ್ದು ಒಂದೇ ಪ್ರಶ್ನೆ: ಮಾಯಕ್ಕ ಪಂಚಾಯ್ತಿ ಚುನಾವಣೆಯಿಂದ ಯಾಕೆ ಹಿಂದೆ ಸರಿದಳು? ಖಾನಾಪುರದ ಕಾಲೇಜಿನಲ್ಲಿ ಮೂರು ವರ್ಷ ನಿನ್ನ ಬಾಜೂ ಕುಳಿತು ಓದಿದವಳು. ನೀನು ಕೇಳುವುದು ಸಹಜ.

ಅಲ್ಲಿ ನನ್ನ ತರಗತಿಯ ಒಂದು ದಿನ ನಿನಗೂ ನೆನಪಿರಬಹುದು. ಯುರೋಪಿನ ಜ್ಞಾನೋದಯ ಕಾಲದ ವಿಚಾರವಂತರ ಬಗ್ಗೆ ಹೇಳುತ್ತಿದ್ದೆ. ಆಳುವ ಹಕ್ಕು ದೇವರು ಕೊಟ್ಟದ್ದಲ್ಲ, ಜನರ ಒಪ್ಪಿಗೆಯಿಂದ ಬಂದದ್ದು ಎಂದವರು. ಕಾನೂನು ಮಾಡುವವ, ನಡೆಸುವವ, ನ್ಯಾಯ ಹೇಳುವವ ಒಬ್ಬನೇ ಆದರೆ ಯಾರಿಗೂ ಸ್ವಾತಂತ್ರ್ಯ ಉಳಿಯುವುದಿಲ್ಲ ಎಂದವರು. ಆಗ ಮಾಯಕ್ಕ ಎದ್ದು ನಿಂತು, ‘ಸರ್, ನಮ್ಮೂರ ಕಟ್ಟಿ ಮ್ಯಾಲೆ ಮೂರೂ ನಿಮ್ಮ ಅಣ್ಣಾರೇ ಆಗ್ಯಾರಲ್ರಿ’ ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಜನವರಿಯಲ್ಲಿ ಅವಳು ನಾಮಪತ್ರ ಹಿಡಿದು ಮನೆಗೆ ಬಂದಳು. ನಮ್ಮೂರಿನ ಸೀಟು ಈ ಸಲ ಹೆಣ್ಣುಮಕ್ಕಳಿಗೆ. ನನ್ನ ಹೆಸರು ಇನ್ನೂ ಊರ ಮತದಾರರ ಪಟ್ಟಿಯಲ್ಲೇ ಇರುವುದರಿಂದ ಸೂಚಕನಾಗಿ ನಾನೇ ಸಹಿ ಮಾಡಿದೆ. ಖುಷಿಯಿಂದಲೇ ಮಾಡಿದೆ.

ನಾಲ್ಕು ದಿನಕ್ಕೆ ನಿನ್ನ ದೊಡ್ಡಪ್ಪ ಗುರುಸಿದ್ದಯ್ಯ ಬಂದ. ಊರ ಹಿರಿಯರೆಲ್ಲ ಕೂಡಿ ನಿನ್ನ ದೊಡ್ಡವ್ವ ಸಂಗವ್ವನನ್ನು ಅವಿರೋಧ ಆರಿಸುವುದೆಂದು ಠರಾಯಿಸಿದ್ದರಂತೆ. ‘ಮಾಸ್ತರಕಿ ನಿನ್ನ ಸಾಲ್ಯಾಗ ಮಾಡು. ಊರು ಒಡೀಬ್ಯಾಡ. ಆ ಹುಡಿಗಿ ಹಿಂದ ಸರೀಲಿಲ್ಲಂದ್ರ ಅವರ ಅಪ್ಪನ ಕುರಿ ಯಾರ ಹೊಲಕ್ಕೂ ಬಿಡಗೊಡೂದಿಲ್ಲ’ ಎಂದ. ಚಹಾ ಕುಡಿಯದೆ ಎದ್ದು ಹೋದ.

ಹಿಂತೆಗೆಯುವ ಕೊನೆಯ ದಿನ ಬೆಳಿಗ್ಗೆ ನಾನು ಊರಿಗೆ ಹೋದೆ. ಮಾಯಕ್ಕ ರೊಟ್ಟಿ ಬಡಿಯುತ್ತಿದ್ದಳು. ಅವಳ ಅಪ್ಪ ಹಣಮಪ್ಪ ‘ಬರ್ರಿ ಸರ್, ಕುಂದರ್ರಿ’ ಎಂದು ಕಂಬಳಿ ಹಾಸಿದ. ಹೇಗೆ ಶುರು ಮಾಡಬೇಕೋ ತಿಳಿಯದೆ, ಊರೆಲ್ಲ ಒಪ್ಪಿದೆ, ಒಬ್ಬರ ಆಸೆಗಿಂತ ಸಮಷ್ಟಿಯ ಇಚ್ಛೆ ದೊಡ್ಡದು ಎಂದೆ.

‘ಊರು ಅಂದ್ರ ಯಾರ್ರಿ ಸರ್? ನನ್ನ ಯಾರೂ ಕೇಳಿಲ್ಲ. ನಮ್ಮವ್ವನ್ನ ಕೇಳಿಲ್ಲ. ನಮ್ಮ ಓಣ್ಯಾಗ ಯಾರನ್ನೂ ಕೇಳಿಲ್ಲ.’

‘ಕುರಿ ಎಲ್ಲಿಗೆ ಹೊಡೀತೀರಿ, ಮಾಯಕ್ಕ?’

‘ಅದು ನಮ್ಮ ತ್ರಾಸ ಐತ್ರಿ. ಅಪ್ಪ ಒಪ್ಪ್ಯಾನ. ನೀವು ಕಲಿಸಿದ್ದು ಸುಳ್ಳಂದ್ರ ಹೇಳ್ರಿ, ಈಗಲೇ ಸಹಿ ಮಾಡತೇನಿ.’

ನಾಮಪತ್ರ ಹಿಂತೆಗೆಯಲು ನಾನೇ ಬರೆದುಕೊಂಡು ಹೋಗಿದ್ದ ಅರ್ಜಿಯನ್ನು ಅವಳ ಮುಂದೆ ಇಟ್ಟೆ. ಮಧ್ಯಾಹ್ನ ಮೂರರ ಒಳಗೆ, ಸೂಚಕನಾಗಿ, ಅದನ್ನು ನಾನೇ ಕಚೇರಿಗೆ ಕೊಟ್ಟೆ.

ಸಂಗವ್ವ ಅವಿರೋಧ ಆರಿಸಿ ಬಂದಳು. ಗುಲಾಲು ಹಾರಿಸಿದರು, ನನಗೂ ಒಂದು ಹಾರ ಹಾಕಿದರು. ಹಣಮಪ್ಪನ ಕುರಿಗಳು ಎಂದಿನಂತೆ ಹೊಲಗಳಲ್ಲಿ ಮೇಯುತ್ತಿವೆ. ಮಾಯಕ್ಕ ಖಾನಾಪುರದಲ್ಲಿ ಟೈಪಿಂಗ್ ಕಲಿಯುತ್ತಿದ್ದಾಳೆಂದು ಕೇಳಿದೆ. ನಾನು ಈ ವರ್ಷ ಜ್ಞಾನೋದಯದ ಆ ಪಾಠವನ್ನು ನಮ್ಮ ಕಾಲೇಜಿನ ಸಪ್ನಾ ಮೇಡಂಗೆ ಬಿಟ್ಟುಕೊಟ್ಟೆ.

ಊಟ ತಪ್ಪಿಸಬೇಡ, ಬಿಸಿಲಲ್ಲಿ ತಿರುಗಬೇಡ. ನಿನಗೆ ಒಳ್ಳೆಯದಾಗಲಿ, ನಿನ್ನ ಓದು ನಾಲ್ಕು ಜನರ ಉಪಯೋಗಕ್ಕೆ ಬರಲಿ.

ಇಂತಿ ನಿನ್ನ ಅಪ್ಪ,
ಬಸಯ್ಯ

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿದೆ. ಮೇಲೆ ಬರೆದದ್ದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಮಾಯಕ್ಕ ಸಹಿ ಮಾಡಲಿಲ್ಲ. ಕಾಗದ ಮಡಚಿ ನನ್ನ ಕೈಗೆ ಕೊಟ್ಟು ಒಲೆಯ ಮುಂದೆ ಹೋಗಿ ಕುಳಿತಳು. ಮೂರು ವರ್ಷ ಅವಳ ಉತ್ತರ ಪತ್ರಿಕೆ ತಿದ್ದಿದವನು ನಾನು, ಅವಳ ಅಕ್ಷರ ನನಗೆ ಗೊತ್ತು. ಕಚೇರಿಯ ಹಿಂದಿನ ಬೇವಿನ ಮರದ ಕೆಳಗೆ ನಿಂತು ಅವಳ ಹೆಸರನ್ನು ನಾನೇ ಬರೆದೆ. ಅವರ ಹೊಟ್ಟೆಪಾಡು ಉಳಿಸುತ್ತಿದ್ದೇನೆ ಎಂದು ಆಗ ಅಂದುಕೊಂಡೆ. ಅಣ್ಣನ ಎದುರು ನಿಲ್ಲುವ ಧೈರ್ಯ ನನಗಿರಲಿಲ್ಲ, ಅಷ್ಟೇ.

ಅರ್ಜಿ ಕೊಟ್ಟು ಹೊರಡುವಷ್ಟರಲ್ಲಿ ಸುದ್ದಿ ಕೇಳಿ ಅವಳೇ ಓಡಿ ಬಂದಳು. ಚುನಾವಣಾ ಅಧಿಕಾರಿ ಕಾಗದ ತೋರಿಸಿ, ‘ಈ ಸಹಿ ನಿಮ್ದೇನ್ರಿ? ಅಲ್ಲಂದ್ರ ಈಗಲೇ ಹೇಳ್ರಿ, ಪೊಲೀಸ್ರಿಗೆ ಬರೀತೇನಿ’ ಎಂದರು. ಅವಳು ಕಾಗದ ನೋಡಿದಳು. ನನ್ನನ್ನು ನೋಡಿದಳು.

‘ನಂದೇ ಐತ್ರಿ.’

ಹೊರಗೆ ಮೆಟ್ಟಿಲ ಮೇಲೆ ಅವಳನ್ನು ಕರೆದೆ. ತಿರುಗಲಿಲ್ಲ. ‘ನಿಮ್ಮನ್ನ ಹಿಡಕೊಂಡು ಹೋದ್ರ ಸಾಕ್ಷಿ ಹೆಂಗ ತಡಕೋತಾಳ್ರಿ ಸರ್’ ಎಂದಷ್ಟೇ ಹೇಳಿ ನಡೆದುಬಿಟ್ಟಳು.

ನೀನು ಕಲಿಯುತ್ತಿರುವ ಕಾನೂನಿನಲ್ಲಿ ನಾನು ಮಾಡಿದ್ದಕ್ಕೆ ಒಂದು ಹೆಸರಿದೆ. ಈ ಪತ್ರ ಹರಿಯಬೇಡ. ಮಾಯಕ್ಕನಿಗೆ ತೋರಿಸು. ಆಮೇಲೆ ನೀವಿಬ್ಬರೂ ಹೇಳಿದ ಹಾಗೆ.