ಕಾಲು ಬೆಲೆಗೆ ಸಿಕ್ಕ ನಮ್ಮ ಗೇಮು

ಅಪ್ಪಾ,

ಮೂರು ವರ್ಷ ನಿದ್ದೆಗೆಟ್ಟು ಆಫೀಸಿನಲ್ಲಿ ನಾವು ಮಾಡಿದ ಗೇಮಿನ ಕೀ, ಅದೇ ಗೇಮು ತೆರೆಯೋ ಕೋಡು, ಯಾವುದೋ ಸೈಟಿನಲ್ಲಿ ಕಾಲು ಬೆಲೆಗೆ ಸಿಕ್ತು ಅಂತ ಪಕ್ಕದ ಮನೆಯವರ ಹತ್ರ ಜಂಬ ಬೇರೆ ಕೊಚ್ಚಿಕೊಂಡಿದ್ದೀರಿ! ಅಷ್ಟು ಅಗ್ಗ ಯಾಕೆ ಅಂತ ನನ್ನನ್ನ ಒಂದು ಮಾತು ಕೇಳಬಾರದಿತ್ತಾ?

"ವಿಮರ್ಶೆ ಬರೀತೀವಿ" ಅಂತ ನಂಬಿಸಿ ನಮ್ಮಿಂದಲೇ ಬಿಟ್ಟಿ ಕೀ ಇಸ್ಕೊಂಡು, ಅದನ್ನೇ ಅಂಥ ಸೈಟಲ್ಲಿ ಮಾರ್ತಾರೆ ಆ ಕಳ್ಳರು. ಎಷ್ಟಕ್ಕೆ ಮಾರಿದರೂ ಅವರಿಗೆ ಲಾಭ, ನಮಗೆ ಚಿಕ್ಕಾಸಿಲ್ಲ.

ಇವತ್ತು ಆಫೀಸಿಗೆ ಹೋದವಳೇ ಅಂಥ ಕೀಗಳನ್ನೆಲ್ಲ ರದ್ದು ಮಾಡ್ತೀನಿ, ನಿಮ್ಮದೂ ಸೇರಿ. ಗೇಮು ಓಪನ್ ಆಗಲಿಲ್ಲ ಅಂತ ಕಂಪ್ಯೂಟರಿಗೆ ಗುದ್ದಬೇಡಿ.

ಹಾಲು ಆರಿದ ಮೇಲೆ ಫ್ರಿಜ್ಜಲ್ಲಿಡಿ.

ಕನ್ನಡಕದ ಡಬ್ಬಿಯಲ್ಲಿ ಬೇರೆ ಕೀ ಬರೆದಿಟ್ಟಿದ್ದೀನಿ. ಗೇಮಿನಲ್ಲಿ ಎಲ್ಲದಕ್ಕೂ ಚೌಕಾಸಿ ಮಾಡೋ ಮುದುಕ ಒಬ್ಬ ಬರ್ತಾನೆ, ನಿಮ್ಮನ್ನ ನೋಡೇ ಬಿಡಿಸಿದ್ದು. ಸಿಕ್ಕಿದರೆ ಅವನಿಗೆ ನಾಲ್ಕು ಬುದ್ಧಿಮಾತು ಹೇಳಿ.