ಹದಿನೇಳನೇ ತಟ್ಟೆ

ಅಪ್ಪಾ,

ಕ್ಷೇಮ ವಿಚಾರಿಸಿ ಕಾಗದ ಶುರುಮಾಡುವ ಅಭ್ಯಾಸ ನಮ್ಮಿಬ್ಬರ ನಡುವೆ ಬೆಳೆಯಲಿಲ್ಲ. ನೇರವಾಗಿ ಹೇಳಿಬಿಡುತ್ತೇನೆ. ಕಳೆದ ಸೋಮವಾರ ಮಧ್ಯಾಹ್ನ ನಾನು ನಿಮ್ಮನ್ನು ಕೊಂದೆ. ಕೊಂದೆ ಅಂದುಕೊಂಡೆ.

ಹೋದ ವರ್ಷ ನಿಮ್ಮ ಕೈ ಉಳಿ ಹಿಡಿಯಲಾರದಷ್ಟು ನಡುಗತೊಡಗಿದಾಗ, ನರರೋಗವೆಂದು ಆಸ್ಪತ್ರೆಯಲ್ಲಿ ತೋಳಿನಿಂದ ಬೇಳೆಯಷ್ಟು ಚರ್ಮ ತೆಗೆದರಲ್ಲ, ಅದನ್ನು ನಮ್ಮ ಲ್ಯಾಬಿಗೆ ತಂದವಳು ನಾನೇ. ಹೋಲಿಸಿ ನೋಡಲು ರೋಗವಿಲ್ಲದವರದ್ದೂ ಬೇಕೆಂದು ನನ್ನ ಚರ್ಮವನ್ನೂ ಕೊಟ್ಟೆ. ತಿಂಗಳುಗಟ್ಟಲೆ ಸಾಕಿ ಎರಡನ್ನೂ ನರಕೋಶಗಳಾಗಿ ಬೆಳೆಸಿದೆವು. ಕೋಶದೊಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾ ಕೆಟ್ಟರೆ, ಅದಕ್ಕೆ ಗುರುತು ಹಾಕಿ ಹೊರದಬ್ಬಿಸುವ ಪ್ರೋಟೀನ್ ಒಂದಿದೆ. ನಿಮ್ಮಲ್ಲಿ ಅದು ಕೆಲಸ ಮಾಡುತ್ತಿದೆಯೇ ಎಂದು ನೋಡುವುದು ನನ್ನ ಸಂಶೋಧನೆ. ಕೆಟ್ಟದ್ದನ್ನು ಹೊರಗೆ ಹಾಕಲಾಗದ ಮನೆ ಹೇಗಿರುತ್ತದೆಂದು ನನಗೆ ಯಾರೂ ಪಾಠ ಹೇಳಬೇಕಿರಲಿಲ್ಲ.

ನೀವು ಬಡಗಿ. ನಿಮ್ಮ ಅಡಿಕೋಲು ಮರಕ್ಕಿಂತ ನಮ್ಮ ಬೆನ್ನನ್ನೇ ಹೆಚ್ಚು ಅಳೆಯಿತು. ಅಮ್ಮನ ದವಡೆ ಮುರಿದ ದಿನ ನಾನು ನೆಲದ ರಕ್ತ ಒರೆಸಿದ್ದು ಶಾಲೆಯ ಯೂನಿಫಾರ್ಮಿನಲ್ಲಿ. ನಿಮ್ಮ ಕೆಂಪು ಪೆನ್ಸಿಲ್ ಕಳೆದದ್ದಕ್ಕೆ ಈ ಎಡಚಿಯ ಎಡ ಮಣಿಕಟ್ಟನ್ನೇ ಬೆಂಚಿಗೆ ಒತ್ತಿ ಹಿಡಿದು ಬಾರಿಸಿದಿರಿ. ಮೂಳೆ ಲಟ್ಟೆಂದದ್ದು ನಿಮಗೂ ಕೇಳಿಸಿತು. ಆಮೇಲೂ ಎರಡು ಏಟು ಬಿತ್ತು. ನಿಮಗೆ ನಡುಕ ಶುರುವಾದಾಗ ಅಮ್ಮ ಸೊಟ್ಟ ಬಾಯಲ್ಲೇ "ಮಾಡಿದ್ದುಣ್ಣೋ ಮಹಾರಾಯ" ಅಂದಳು. ನಾನು ನಕ್ಕಿದ್ದೆ.

ಸೋಮವಾರ ಫೋನಿನಲ್ಲಿ ನೀವು ಹೇಳಿದಿರಿ: "ಹೊಡ್ದಿದ್ದಕ್ಕೇ ನೀನು ಓದಿದ್ದು. ಇಲ್ದಿದ್ರೆ ಎಲ್ಲಿರ್ತಿದ್ದೆ?" ಫೋನಿಟ್ಟು ಲ್ಯಾಬಿನೊಳಗೆ ಹೋದೆ. ನಾನು ತಂದಾಗ ನಿಮ್ಮ ಸೀಸೆಯ ಮೇಲಿದ್ದ ಸಂಖ್ಯೆ ಹದಿನೇಳು. ಕೋಶ ಬೆಳೆಸುವ ತಟ್ಟೆಗಳಲ್ಲಿ ಹದಿನೇಳರವನ್ನೆಲ್ಲ ಹೊರಗೆಳೆದು ಬ್ಲೀಚ್ ಸುರಿದೆ. ಒಂದನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದೆ. ಕೋಶಗಳ ಉದ್ದನೆಯ ಎಳೆಗಳು ತುಂಡುತುಂಡಾದವು, ಒಡಲು ಉಬ್ಬಿ ಒಡೆದವು. ಅದೂ ಸಾಲದೆ ತಟ್ಟೆಗಳನ್ನು ಮೇಜಿಗೆ ಬಡಿದೆ, ಕೆಳಗೆ ಹಾಕಿ ತುಳಿದೆ. ಅಂಗೈ ಸೀಳಿ ರಕ್ತ ಸುರಿಯುತ್ತಿತ್ತು. ಹಾಯೆನಿಸಿತು ಅಪ್ಪಾ, ಸುಳ್ಳೇಕೆ ಹೇಳಲಿ.

ಸದ್ದು ಕೇಳಿ ಟೆಕ್ನೀಷಿಯನ್ ಅಕ್ಕ ಓಡಿ ಬಂದರು. ಕೆಟ್ಟ ಕೋಶಗಳನ್ನು ಎಣಿಸುವ ನನ್ನಂಥವರಿಗೆ ಯಾವ ಕೋಶ ಯಾರದೆಂದು ತಿಳಿದಿರಬಾರದು ಎಂಬುದು ನಮ್ಮಲ್ಲಿ ಕಟ್ಟುನಿಟ್ಟು. ನಿಮ್ಮ ಸಂಖ್ಯೆ ನನಗೆ ಗೊತ್ತಿದೆಯೆಂದು ಅವರು ಮೊದಲ ದಿನವೇ ಚೀಟಿಗಳನ್ನು ಅದಲುಬದಲು ಮಾಡಿದ್ದರಂತೆ. ನೆಲ ನೋಡಿದರು, ನನ್ನ ಕೈ ನೋಡಿದರು. "ಏನೇ ಮಾಡ್ಕೊಂಡೆ? ಹದಿನೇಳು ನಿಮ್ಮಪ್ಪಂದಲ್ಲ ಕಣೇ, ನಿಂದು," ಅಂದರು.

ತಾಯಿಯಂತೆ ಮಗಳು ಎಂದು ಗಾದೆ ಕಟ್ಟಿದವರು ನಮ್ಮ ಮನೆ ನೋಡಿರಲಿಲ್ಲ. ನಾನು ಕೈ ಎತ್ತಿದ ರೀತಿ, ಒಮ್ಮೆ ಬಡಿದರೆ ಸಾಲದೆ ಮತ್ತೆ ಮತ್ತೆ ಬಡಿದದ್ದು, ಎಲ್ಲ ನಿಮ್ಮದೇ. ಒಂದು ವರ್ಷದ ಕೆಲಸ ಹಾಳಾಯಿತು. ಗೈಡ್ ನನ್ನನ್ನು ಓಡಿಸಲಿಲ್ಲ, ಎಣಿಕೆಯಿಂದ ತೆಗೆದರು. ಇವತ್ತು ಮತ್ತೆ ಚರ್ಮ ಕೊಟ್ಟು ಬಂದೆ. ಇನ್ನು ದಿನಬಿಟ್ಟು ದಿನ ನಿಮ್ಮ ಕೋಶಗಳಿಗೆ ಆಹಾರ ಹಾಕುವುದು ನನ್ನ ಪಾಲಿನ ಕೆಲಸ. ಅವು ಚೆನ್ನಾಗಿವೆ, ಎಳೆ ಚಾಚಿವೆ. ಹಾಕುತ್ತೇನೆ. ಕ್ಷಮಿಸಿದಳು ಅಂದುಕೊಳ್ಳಬೇಡಿ, ನನ್ನ ಕೈಯನ್ನು ನಾನು ಕಾಯುತ್ತಿದ್ದೇನೆ.

ನಿಮ್ಮ ಕೈ ನಡುಕ ನಿಲ್ಲಲಿ. ನಿಂತ ಮೇಲೂ ಅದು ಯಾರ ಮೇಲೂ ಏಳದಿರಲಿ. ನನ್ನದೂ.

ಇಂತಿ,
ನಿಮ್ಮ ಎಡಚಿ ಮಗಳು